ಹೊಸ ಗುಳಿಗೆ ಶುರುವಾದ ಮೇಲೆ

ಪ್ರಶ್ನೆ: ನಮ್ಮವ್ವಗ 61 ವರ್ಷ. ಸರ್ಕಾರಿ ದವಾಖಾನ್ಯಾಗ ಬಿಪಿ, ಸಕ್ಕರಿ ಎರಡೂ ಅದಾವ ಅಂತ ಹೋದ ತಿಂಗಳ ಗುಳಿಗಿ ಚಾಲೂ ಮಾಡ್ಯಾರ. ಸಿಸ್ಟರ್ ತಿಳಿಸಿ ಹೇಳಿದ್ರಂತ, ಅವ್ವಗ ನೆನಪಿಲ್ಲ. ಈಗ ಸಂಜಿ ಆತಂದ್ರ ಎರಡೂ ಪಾದ ಬಾಯ್ತಾವ. ‘ಕಿಡ್ನಿ ಹೋಗ್ಯಾವ, ಗುಳಿಗಿ ಬಿಡು’ ಅಂತ ಓಣ್ಯಾಗಿನವರು ಅಂದ್ರು. ಅವ್ವ ಬಿಟ್ಟೇಬಿಟ್ಟಾಳ. ಏನು ಮಾಡೂದ್ರಿ?
– ಓದುಗರು, ದೇವರ ಹಿಪ್ಪರಗಿ

ಉತ್ತರ: ಮೊದಲು ಬಿಪಿ ಗುಳಿಗೆಯ ಸ್ಟ್ರಿಪ್ ಮೇಲಿನ ಹೆಸರು ಓದಿ. ಆಮ್ಲೋಡಿಪಿನ್ ಎಂದಿದ್ದರೆ ಬಾವಿಗೆ ಹೆಚ್ಚಾಗಿ ಅದೇ ಕಾರಣ. ಅದು ಸಣ್ಣ ರಕ್ತನಾಳಗಳನ್ನು ಸಡಿಲಿಸಿ ಬಿಪಿ ಇಳಿಸುತ್ತದೆ. ಆಗ ಸ್ವಲ್ಪ ನೀರು ಹೊರಗೆ ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ದಿನವಿಡೀ ನಿಂತು ದುಡಿದವರಿಗೆ ಸಂಜೆ ಜಾಸ್ತಿ, ಮಲಗಿ ಎದ್ದರೆ ಕಡಿಮೆ. 5 ಮಿಲಿಗ್ರಾಂಗಿಂತ 10 ಮಿಲಿಗ್ರಾಂ ಗುಳಿಗೆಯಲ್ಲಿ ಇದು ಹೆಚ್ಚು. ಇಷ್ಟರಿಂದಲೇ ಕಿಡ್ನಿ ಹೋಗಿದೆ ಎನ್ನಲಾಗದು, ಆದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಒಮ್ಮೆ ಪರೀಕ್ಷೆಯಾಗಲಿ. ಮುಖವೂ ಬಾತರೆ, ದಮ್ಮು ಹತ್ತಿದರೆ, ಒಂದೇ ಕಾಲು ಬಾತು ನೋಯುತ್ತಿದ್ದರೆ ಅಂದೇ ದವಾಖಾನೆಗೆ ಕರೆದೊಯ್ಯಿರಿ.

ಬಾವಿಗಿಂತ ನನಗೆ ಚಿಂತೆ, ತಾಯಿ ಯಾರಿಗೂ ಹೇಳದೆ ಗುಳಿಗೆ ಬಿಟ್ಟದ್ದು. ಬಿಪಿ ಏರಿದರೆ ನೋವಾಗುವುದಿಲ್ಲ. ಲಕ್ವಾ ಹೊಡೆದ ಮೇಲೆಯೇ ಎಷ್ಟೋ ಮನೆಗಳಿಗೆ ಅದು ಗೊತ್ತಾಗುವುದು. ನಾಳೆಯೇ ಹೋಗಿ ‘ಕಾಲು ಬಾತಾವ, ಗುಳಿಗಿ ಬಿಟ್ಟಾಳ’ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ವೈದ್ಯರು ಪ್ರಮಾಣ ಇಳಿಸಬಹುದು, ಟೆಲ್ಮಿಸಾರ್ಟನ್‌ನಂಥ ಬೇರೆ ಗುಳಿಗೆ ಕೊಡಬಹುದು.

ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ಮೈಕೈ ನೋವಿಗೆಂದು ಅಂಗಡಿಯಿಂದ ತಂದದ್ದನ್ನೂ ಬಿಡಬೇಡಿ. ನೋವಿನ ಗುಳಿಗೆಗಳಲ್ಲಿ ಹಲವು ಬಿಪಿ ಏರಿಸುತ್ತವೆ, ಕಿಡ್ನಿಗೂ ಹೊರೆ. ಇನ್ನೊಂದು ಎಡವಟ್ಟು ಹಳ್ಳಿಗಳಲ್ಲಿ ಸಾಮಾನ್ಯ: ಸರ್ಕಾರಿ ಗುಳಿಗೆ ಒಂದು ಬಣ್ಣ, ಮೆಡಿಕಲ್ ಅಂಗಡಿಯದು ಇನ್ನೊಂದು. ಒಳಗಿನ ಔಷಧ ಒಂದೇ ಎಂದು ತಿಳಿಯದೆ ಎರಡನ್ನೂ ನುಂಗಿ ತಲೆ ತಿರುಗಿ ಬೀಳುತ್ತಾರೆ.

ಸಕ್ಕರೆಯದು ಮೆಟ್‌ಫಾರ್ಮಿನ್ ಇದ್ದರೆ ಊಟದ ಜೊತೆಗೇ ತಗೊಳ್ಳಲಿ. ಶುರುವಿನಲ್ಲಿ ಹೊಟ್ಟೆ ಗುಡುಗುಡು ಅನ್ನಬಹುದು, ಜಾಡಿಸಬಹುದು. ಹೆಚ್ಚಿನವರಿಗೆ ಕೆಲ ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಗ್ಲಿಮೆಪಿರೈಡ್ ಇದ್ದರೆ ಮಾತ್ರ ಹುಷಾರು. ಅದನ್ನು ನುಂಗಿ ಊಟ ತಪ್ಪಿಸಿದರೆ ಸಕ್ಕರೆ ಕುಸಿದು ಬೆವರು, ನಡುಕ, ಮಂಕು ಕವಿಯುತ್ತದೆ. ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ರೋಜಾ ಯಾವುದೇ ಇರಲಿ, ಉಪವಾಸಕ್ಕೆ ಮುಂಚೆ ವೈದ್ಯರನ್ನೊ ಸಿಸ್ಟರನ್ನೊ ಕೇಳಲೇಬೇಕು. ಸಕ್ಕರೆ ಕುಸಿದಾಗ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ನೋಡಿ, ಆಮೇಲೆ ಊಟ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ತಿಂಗಳಿಗೊಮ್ಮೆ ಬಿಪಿ, ಸಕ್ಕರೆ ನೋಡಿಸಲು ದೊಡ್ಡ ದವಾಖಾನೆಯ ಸಾಲಿನಲ್ಲೇ ನಿಲ್ಲಬೇಕೆಂದಿಲ್ಲ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಇರುತ್ತಾರೆ. ಹೆಚ್ಚಿನವರು ನರ್ಸಿಂಗ್ ಓದಿದವರೇ. ಮರೆತದ್ದನ್ನು ಅವರನ್ನು ಇನ್ನೊಮ್ಮೆ ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಾನು ಶುಶ್ರೂಷಾಧಿಕಾರಿ. ಸಂತೆ ದಿನ ಸಾಲು ಬಾಗಿಲಾಚೆ ಹೋಗಿರುತ್ತದೆ. ಹೊಸ ಔಷಧದ ಬಗ್ಗೆ ಏನು ಹೇಳಿದರೂ ರೋಗಿಗಳು ‘ಹೂನ್ರಿ’ ಅನ್ನುತ್ತಾರೆ, ಮನೆಗೆ ಹೋಗಿ ತಪ್ಪಾಗಿ ನುಂಗುತ್ತಾರೆ. ಎರಡು ನಿಮಿಷದಲ್ಲಿ ಏನು ಹೇಳಲು ಸಾಧ್ಯ?
– ಸಿಂದಗಿ ತಾಲ್ಲೂಕು

ಉತ್ತರ: ಎರಡು ನಿಮಿಷ ಸಾಕು, ಅದರಲ್ಲಿ ಒಂದನ್ನು ರೋಗಿಗೆ ಬಿಟ್ಟುಕೊಟ್ಟರೆ. ಯಾತಕ್ಕೆ, ಯಾವಾಗ, ಏನಾದರೆ ಓಡಿ ಬರಬೇಕು – ಇಷ್ಟೇ ಹೇಳಿ. ಆಮೇಲೆ ‘ಅಕ್ಕಾರ, ನಾ ಸರಿಯಾಗಿ ಹೇಳೀನೋ ಇಲ್ಲೋ ನೋಡೂಣು, ಮನ್ಯಾಗ ಸೊಸಿ ಕೇಳಿದ್ರ ಹೆಂಗ ಹೇಳ್ತೀರಿ?’ ಅನ್ನಿ. ಪರೀಕ್ಷೆ ನಿಮ್ಮದಾದರೆ ಅವರಿಗೆ ನಾಚಿಕೆಯಿಲ್ಲ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಓದಲು ಬಾರದವರಿಗೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ. ಗುಳಿಗೆಯ ಬಣ್ಣ ಗುರುತು ಹೇಳಬೇಡಿ, ಮುಂದಿನ ಸಲ ಬಣ್ಣ ಬದಲಾಗಿರುತ್ತದೆ.

ಮರುಭೇಟಿಯಲ್ಲಿ ‘ಏನರ ತ್ರಾಸ ಐತೇನು?’ ಎಂದರೆ ‘ಇಲ್ರಿ’ ಎಂಬ ಉತ್ತರ ಗ್ಯಾರಂಟಿ. ಹೆಸರು ಹಿಡಿದು ಕೇಳಿ: ಎನಾಲಾಪ್ರಿಲ್ ನುಂಗುವವರಿಗೆ ಒಣಕೆಮ್ಮು, ಆಮ್ಲೋಡಿಪಿನ್‌ನವರಿಗೆ ಪಾದದ ಬಾವು, ಗ್ಲಿಮೆಪಿರೈಡ್‌ನವರಿಗೆ ಹೊತ್ತಲ್ಲದ ಹೊತ್ತಿನ ಬೆವರು. ‘ಕಬ್ಬು ಕಡ್ಯಾಕ ಹೋಗೋರೇನು?’ ಎಂಬುದನ್ನೂ ಕೇಳಿ. ಮಹಾರಾಷ್ಟ್ರಕ್ಕೆ ದುಡಿಯಲು ಹೊರಟವರಿಗೆ ಕೈಯಲ್ಲಿ ಸಾಕಷ್ಟು ಗುಳಿಗೆ ಮತ್ತು ಹೆಸರು ಬರೆದ ಚೀಟಿ ಇರಬೇಕು, ಇಲ್ಲವಾದರೆ ನೀವು ಕಲಿಸಿದ್ದೆಲ್ಲ ಊರ ಗಡಿಯಲ್ಲೇ ನಿಲ್ಲುತ್ತದೆ.

ಗಂಭೀರವಾದದ್ದು ಕಂಡರೆ ವೈದ್ಯರಿಗೆ ಹೇಳುವುದರ ಜೊತೆಗೆ ವರದಿಯನ್ನೂ ಮಾಡಿ. 2010ರಲ್ಲಿ ಶುರುವಾದ ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮವನ್ನು ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುತ್ತದೆ. ಉಚಿತ ಸಹಾಯವಾಣಿ 1800-180-3024. ನರ್ಸ್‌ಗಳೂ ವರದಿ ಮಾಡಬಹುದು, ರೋಗಿಗಳೂ ಮಾಡಬಹುದು. ಔಷಧವೇ ಕಾರಣ ಎಂದು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಇನ್ನು ನನ್ನ ವೃತ್ತಿಬಾಂಧವರಿಗೆ: ಚೀಟಿಯಲ್ಲಿ ಔಷಧ ಬದಲಿಸಿ ಸಿಸ್ಟರಿಗೆ ಒಂದು ಮಾತೂ ಹೇಳದಿದ್ದರೆ, ಅವರು ರೋಗಿಗೆ ಏನು ತಿಳಿಸಿಯಾರು?

ಪ್ರಶ್ನೆ: ಟಿಬಿ ಗುಳಿಗಿ ಚಾಲೂ ಆದ ಮರುದಿನದಿಂದ ಮೂತ್ರ ಕೇಸರಿ ಬಣ್ಣ ಆಗೇದ. ರಕ್ತ ಇರಬಹುದೇನ್ರಿ?
– ಯುವಕ, ಇಂಡಿ

ಉತ್ತರ: ಅದು ರಿಫಾಂಪಿಸಿನ್ ಬಣ್ಣ, ಕೇಡಿಲ್ಲ. ಬೆವರು, ಕಣ್ಣೀರಿಗೂ ಬರಬಹುದು. ಸಾಮಾನ್ಯ ಟಿಬಿಗೆ ಆರು ತಿಂಗಳ ಕೋರ್ಸು, ನಡುವೆ ಬಿಡಬೇಡಿ. ಕೈಕಾಲು ಜೋಮು ಹಿಡಿದರೆ ಸಿಸ್ಟರಿಗೆ ಹೇಳಿ, ಅದಕ್ಕೆ ಬಿ6 ವಿಟಮಿನ್ ಇದೆ. ದೃಷ್ಟಿ ಮಂಜಾದರೆ, ಕೆಂಪು ಹಸಿರು ಸರಿಯಾಗಿ ಕಾಣದಿದ್ದರೆ, ಊಟ ಸೇರದೆ ವಾಂತಿಯಾಗುತ್ತಿದ್ದರೆ ಅಥವಾ ಕಣ್ಣು ಹಳದಿಯಾದರೆ ಕಾಯಬೇಡಿ. ಅಂದಿನ ಗುಳಿಗೆ ನುಂಗುವ ಮೊದಲೇ ದವಾಖಾನೆಗೆ ಹೋಗಿ ತೋರಿಸಿ.