ನಿದ್ರಾನಾಶಕ್ಕೆ ವಿ.ಆರ್. ಕನ್ನಡಕ: ಎಷ್ಟು ಉಪಯುಕ್ತ?

ಚರಕ ಸಂಹಿತೆಯು ಶರೀರವನ್ನು ಎತ್ತಿಹಿಡಿಯುವ ಮೂರು ಉಪಸ್ತಂಭಗಳಲ್ಲಿ ಆಹಾರದ ನಂತರ ನಿದ್ರೆಯನ್ನೇ ಹೆಸರಿಸಿದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ರೆ ಬೇಕು. ವಾರದಲ್ಲಿ 3 ರಾತ್ರಿಗಳಾದರೂ ನಿದ್ರೆ ಕೆಟ್ಟು, ಹಗಲಿನ ಕೆಲಸಕ್ಕೂ ತೊಂದರೆಯಾಗಿ, ಆ ಸ್ಥಿತಿ 3 ತಿಂಗಳು ಮುಂದುವರಿದರೆ ಅದನ್ನು ದೀರ್ಘಕಾಲಿಕ ನಿದ್ರಾನಾಶವೆಂದು ಪರಿಗಣಿಸಲಾಗುತ್ತದೆ.

ನಿದ್ರೆ ಕೆಡುವುದಕ್ಕೆ ಚರಕರು ಐದು ಕಾರಣಗಳನ್ನು ಹೇಳುತ್ತಾರೆ: ಕಾರ್ಯ, ಕಾಲ, ವಿಕಾರ, ಪ್ರಕೃತಿ ಮತ್ತು ವಾಯು. ಸಿರಿಗೇರಿ, ಸಿರುಗುಪ್ಪ ಸೀಮೆಯ ಭತ್ತದ ರೈತರಿಗೆ ಇವು ಅಪರಿಚಿತವಲ್ಲ. ರಾತ್ರಿ ಗದ್ದೆಗೆ ನೀರು ಹಾಯಿಸುವುದು ಕಾರ್ಯ, ಮುಪ್ಪು ಕಾಲ, ಮಂಡಿನೋವು, ಉಬ್ಬಸ ವಿಕಾರ. ಇವುಗಳ ಮೇಲೆ ಸಾಲದ ಚಿಂತೆಯೊಂದು ಸೇರಿದರೆ ಹಾಸಿಗೆಯೇ ಚಿಂತೆಯ ಪೀಠವಾಗುತ್ತದೆ.

ಈಚೆಗೆ ವರ್ಚುವಲ್ ರಿಯಾಲಿಟಿ ಎಂಬ ತಂತ್ರಜ್ಞಾನವನ್ನು ಇಂತಹವರ ವಿಶ್ರಾಂತಿಗಾಗಿ ಬಳಸಲಾಗುತ್ತಿದೆ. ಕಣ್ಣುಗಳನ್ನು ಪೂರ್ತಿ ಮುಚ್ಚುವ ಕನ್ನಡಕದಂತಹ ಸಾಧನದೊಳಗೆ ಎರಡೂ ಕಣ್ಣುಗಳಿಗೆ ಪ್ರತ್ಯೇಕ ಚಿತ್ರಗಳು ಕಾಣುತ್ತವೆ. ತಲೆ ತಿರುಗಿಸಿದತ್ತ ದೃಶ್ಯವೂ ತಿರುಗುವುದರಿಂದ ಹೊಳೆಯ ದಂಡೆಯಲ್ಲೋ ಕಾಡಿನಲ್ಲೋ ಕುಳಿತಿರುವ ಅನುಭವವಾಗುತ್ತದೆ. ಜೊತೆಯಲ್ಲಿ ಕೇಳಿಬರುವ ಧ್ವನಿಯು ಉಸಿರನ್ನು ನಿಧಾನಗೊಳಿಸಲು, ಅಂಗಾಂಗಗಳನ್ನು ಸಡಿಲಿಸಲು ಸೂಚಿಸುತ್ತದೆ. ಮನಸ್ಸು ಒಂದೆಡೆ ನಿಂತಾಗ ಚಿಂತೆಯ ಸರಪಳಿ ಕಡಿಯುತ್ತದೆ. ನಿಧಾನವಾದ ಉಸಿರಿನಿಂದ ಹೃದಯದ ಬಡಿತವೂ ಶಾಂತವಾಗುತ್ತದೆ.

ಈ ತತ್ತ್ವ ನಮಗೆ ಹೊಸತಲ್ಲ. ಅಭ್ಯಂಗ, ಸ್ನಾನ, ಹಾಲು, ಮನಸ್ಸಿಗೆ ಹಿತವಾದ ಗಂಧ ಮತ್ತು ಶಬ್ದ, ಮೈ ಒತ್ತುವಿಕೆ, ಸುಖಕರವಾದ ಹಾಸಿಗೆ ಇವೆಲ್ಲ ಕಳೆದ ನಿದ್ರೆಯನ್ನು ಮರಳಿ ತರುತ್ತವೆಂದು ಚರಕರು ಹೇಳಿದ್ದಾರೆ. ಅದೇ ಪಟ್ಟಿಯಲ್ಲಿ ಕಣ್ಣಿಗೆ ಅವರು ಹೇಳಿದ್ದು ತರ್ಪಣ, ಅಂದರೆ ತಂಪು ಮತ್ತು ತೃಪ್ತಿ. ವಿ.ಆರ್. ಸಾಧನವಾದರೋ ಕಣ್ಣಿನ ಸಮೀಪದಲ್ಲೇ ಬೆಳಕನ್ನು ಹರಿಸುತ್ತದೆ. ರಾತ್ರಿಯ ಬೆಳಕು ನಿದ್ರೆಗೆ ನೆರವಾಗುವ ಮೆಲಟೋನಿನ್ ಸ್ರಾವವನ್ನು ತಗ್ಗಿಸುತ್ತದೆ. ಆದ್ದರಿಂದ ಇದನ್ನು ಬಳಸುವವರು ಸಂಜೆಯೇ 10–15 ನಿಮಿಷ ಕುಳಿತು ಬಳಸಿ, ಮಲಗುವ ಮುನ್ನ ಬದಿಗಿಡುವುದು ಲೇಸು. ಅಪಸ್ಮಾರ, ತಲೆಸುತ್ತು ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ಇದು ವಿಶ್ರಾಂತಿಯ ಉಪಕರಣವೇ ಹೊರತು ನಿದ್ರಾನಾಶದ ಸಂಪೂರ್ಣ ಚಿಕಿತ್ಸೆಯಲ್ಲ. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ವಯಸ್ಕರ ದೀರ್ಘಕಾಲಿಕ ನಿದ್ರಾನಾಶಕ್ಕೆ ಮಾತ್ರೆಗಿಂತ ಮೊದಲು ಸೂಚಿಸಿದ್ದು ನಡವಳಿಕೆ ಮತ್ತು ಆಲೋಚನೆಯನ್ನು ತಿದ್ದುವ ಚಿಕಿತ್ಸೆಯನ್ನು. ಅದರ ಕೆಲವು ನಿಯಮಗಳನ್ನು ಯಾರೂ ಪಾಲಿಸಬಹುದು: ಪ್ರತಿದಿನ ಒಂದೇ ಹೊತ್ತಿಗೆ ಏಳುವುದು, ಹಾಸಿಗೆಯನ್ನು ಮೊಬೈಲಿಗೂ ಲೆಕ್ಕಾಚಾರಕ್ಕೂ ಬಳಸದಿರುವುದು, ಸುಮಾರು 20 ನಿಮಿಷಗಳಾದರೂ ನಿದ್ರೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗಲೇ ಮಲಗುವುದು. ಮಧ್ಯಾಹ್ನದ ನಂತರ ಚಹಾ, ಕಾಫಿ ಬೇಡ.

ದುಬಾರಿ ಸಾಧನ ಕೊಳ್ಳಲಾಗದವರು ಕೊರಗಬೇಕಿಲ್ಲ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತುಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಲಿಂಗಪೂಜೆಯ ಗುರಿ ನಿದ್ರೆಯಲ್ಲ, ನಿಜ. ಆದರೂ ಸಂಜೆಯ ಪೂಜೆಯಿಂದ ನೆಲೆಗೊಂಡ ಮನಸ್ಸು ರಾತ್ರಿ ಸುಲಭವಾಗಿ ವಿಶ್ರಮಿಸುತ್ತದೆ. ಮಲಗುವ ಮುನ್ನ ಅಂಗಾಲಿಗೆ ಎಣ್ಣೆ ತಿಕ್ಕುವುದೂ ಹಿತಕರ.

ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದು, ರಾತ್ರಿ ಪದೇ ಪದೇ ಮೂತ್ರ, ಬಿಡದ ನೋವು ಇದ್ದರೆ ಮೊದಲು ಆ ರೋಗವನ್ನು ಪರೀಕ್ಷಿಸಬೇಕು. ನಿದ್ರೆಮಾತ್ರೆ ಸೇವಿಸುತ್ತಿರುವವರು ಅದನ್ನು ತಾವಾಗಿ ಹಠಾತ್ತನೆ ನಿಲ್ಲಿಸಬಾರದು. ನಿದ್ರೆಯಿಲ್ಲದ ರಾತ್ರಿಗಳಲ್ಲಿ ಬದುಕೇ ಬೇಡವೆನಿಸಿದರೆ ಆ ಮಾತನ್ನು ಮನೆಯವರಿಂದ ಮುಚ್ಚಿಡಬೇಡಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲಿಯೇ ಮಾತನಾಡಬಹುದು.