ಒದ್ದೆ ಪಂಚೆಯೇಕೆ ಚಳಿ ತರುತ್ತದೆ?

ಕೋಲಾರದ ಅಂತರಗಂಗೆಯಲ್ಲಿ ಮಿಂದು ಒದ್ದೆ ಪಂಚೆಯಲ್ಲಿಯೇ ನಿಂತರೆ, ಬಿಸಿಲಿದ್ದರೂ ಬೆಟ್ಟದ ಗಾಳಿಗೆ ಮೈ ನಡುಗುವುದುಂಟು. ಇದೇಕೆಂಬುದನ್ನು ವಿಚಾರಿಸೋಣ.

ಹತ್ತಿಯ ಎಳೆ ಬಹುಮಟ್ಟಿಗೆ ಸೆಲ್ಯುಲೋಸಿನಿಂದಾದುದು. ನೀರಿನ ಅಣುಗಳನ್ನು ಅದು ಬಲವಾಗಿ ಸೆಳೆದುಕೊಳ್ಳುತ್ತದೆ. ಒಣಗಿತೆಂದು ನಾವು ಮಡಿಸಿಟ್ಟ ಪಂಚೆಯಲ್ಲಿಯೂ ನೂರಕ್ಕೆ 7-8 ಪಾಲು ತೇವವಿರುತ್ತದೆ; ಪಾಲಿಯೆಸ್ಟರಿನಲ್ಲಾದರೋ ಅರ್ಧ ಪಾಲು ಮಾತ್ರ. ನೆನೆದಾಗ ನೂಲುಗಳ ಸಂದುಗಳಲ್ಲಿ ನಿಲ್ಲುವ ನೀರು ಬೇರೆ.

ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಪಂಚೆಯಲ್ಲಿ 200 ಗ್ರಾಂ ನೀರುಳಿದಿದ್ದರೆ 1,16,000 ಕ್ಯಾಲೊರಿಯಾಯಿತು! ಬಿಸಿಲೂ ಗಾಳಿಯೂ ಒಂದು ಭಾಗವನ್ನೊದಗಿಸಿದರೆ, ಉಳಿದುದನ್ನು ನಮ್ಮ ಮೈಯೇ ತೆರಬೇಕು. ತಹೀತಿಯವರು ಕಡಲತಡಿಯಲ್ಲಿ ಸುತ್ತಿಕೊಳ್ಳುವ ಹತ್ತಿಯ ‘ಪಾರೆಯೊ’ವಿಗೂ ಇದೇ ನಿಯಮ.

ಆದುದರಿಂದ ಮೀಯುವುದಕ್ಕೆ ತೆಳುವಾದ ಪಂಚೆಯೇ ಲೇಸು. ಅದು ಹಿಡಿಯುವ ನೀರು ಕಡಿಮೆ. ಹಿಂಡಿದರೆ ಹರಿದೀತೆಂಬ ಅಂಜಿಕೆ ಬೇಡ. ರೇಯಾನ್ ನೆನೆದಾಗ ದುರ್ಬಲವಾಗುತ್ತದೆ. ಹತ್ತಿಯ ಎಳೆಯಾದರೋ ಇನ್ನಷ್ಟು ಗಟ್ಟಿಯಾಗುತ್ತದೆ.