ವೇಗದ ಅಂಕಿಯೂ ಅದರ ಮಾನವೂ

ವ್ಯಾಕರಣದ ತರಗತಿಯಲ್ಲಿ ‘ಹನ್ನೆರಡು’ ಎಂದು ಹೇಳಿ ನಿಲ್ಲಿಸಿದರೆ, ‘ಹನ್ನೆರಡು ಏನು?’ ಎಂದು ವಿದ್ಯಾರ್ಥಿಗಳು ಒಡನೆಯೇ ಕೇಳುತ್ತಾರೆ. ವಿಶೇಷ್ಯವಿಲ್ಲದ ವಿಶೇಷಣಕ್ಕೆ ನೆಲೆಯಿಲ್ಲ. ಗೇಣೋ, ಮಾರೋ, ಹರದಾರಿಯೋ ತಿಳಿಯದೆ ದೂರದ ಮಾತು ಮುಂದುವರಿಯದು. ಉಪಗ್ರಹಗಳ ನೆರವಿನಿಂದ ದಾರಿಯನ್ನು ಗುರುತಿಸುವ ಜಿ.ಪಿ.ಎಸ್. ಉಪಕರಣದ ಕಡತವನ್ನು ಓದುವಾಗಲೂ ಏಳತಕ್ಕ ಪ್ರಶ್ನೆ ಇದೇ.

ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಶಾಲಾ ವಾಹನವೊಂದು ಸಾಗಿತೆಂದೂ ಅದರ ಕಡತದಲ್ಲಿ ವೇಗ 12 ಎಂದಿದೆಯೆಂದೂ ಭಾವಿಸೋಣ. ಅದು ಗಂಟೆಗೆ ಕಿಲೋಮೀಟರ್ ಆಗಿದ್ದರೆ ಚಾಲಕನು ಮಂದಗಾಮಿ. ಸೆಕೆಂಡಿಗೆ ಮೀಟರ್ ಆಗಿದ್ದರೆ ಗಂಟೆಗೆ 43.2 ಕಿಲೋಮೀಟರ್. ನಾವಿಕರ ‘ನಾಟ್’ ಆಗಿದ್ದರೆ 22.2 ಕಿಲೋಮೀಟರ್. ಅಂಕಿ ಒಂದೇ, ತೀರ್ಪು ಮೂರು. ಮಾನವನ್ನರಿಯದೆ ಚಾಲಕನನ್ನು ದೂಷಿಸುವುದಾಗಲಿ, ಮಕ್ಕಳ ಕ್ಷೇಮದ ಬಗ್ಗೆ ನಿಶ್ಚಿಂತರಾಗುವುದಾಗಲಿ ಸಲ್ಲದು.

ಈ ಭೇದಕ್ಕೆ ಕಾರಣವುಂಟು. ಉಪಕರಣವು ನೇರವಾಗಿ ಹೊರಡಿಸುವ ಎನ್.ಎಂ.ಇ.ಎ. ಕ್ರಮದ ಆರ್.ಎಂ.ಸಿ. ಎಂಬ ಸಾಲಿನಲ್ಲಿ ವೇಗವು ನಾಟ್‌ಗಳಲ್ಲಿರುತ್ತದೆ. ಇದು ಹಡಗುಗಳ ವಿದ್ಯೆಯಿಂದ ಬಂದ ಬಳುವಳಿ. ಒಂದು ನಾಟ್ ಎಂದರೆ ಗಂಟೆಗೆ 1,852 ಮೀಟರ್. 2002ರ ಜಿ.ಪಿ.ಎಕ್ಸ್. 1.0 ಕಡತದಲ್ಲಿ ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲಿ ಬರೆಯುವ ನಿಯಮವಿತ್ತು. 2004ರ 1.1ನೆಯ ಆವೃತ್ತಿಯಲ್ಲಿ ವೇಗದ ಅಂಶವನ್ನೇ ಮೂಲ ರಚನೆಯಿಂದ ಕೈಬಿಡಲಾಯಿತು. ಅಂದಿನಿಂದ ಉಪಕರಣದ ತಯಾರಕರು ಅದನ್ನು ತಮ್ಮ ತಮ್ಮ ವಿಸ್ತರಣ ಭಾಗದಲ್ಲಿ ಬರೆಯಬಹುದು. ಇಲ್ಲವೇ ತಂತ್ರಾಂಶವು ಬಿಂದುಗಳಿಂದಲೇ ಲೆಕ್ಕ ಹಾಕಿ ತೋರಿಸಬಹುದು.

ಕಡತದಲ್ಲಿ ಮಾನದ ಹೆಸರಿಲ್ಲದಿದ್ದರೆ ಪರೀಕ್ಷಿಸುವ ಬಗೆ ಸುಲಭ. ನಮ್ಮ ನಗರದ ಪ್ರದೇಶದಲ್ಲಿ ಅಕ್ಷಾಂಶದ ಸಾವಿರದ ಒಂದಂಶವು ಸುಮಾರು 110 ಮೀಟರ್. ಮೇಲಿನ ವಾಹನವು ಉತ್ತರಾಭಿಮುಖವಾಗಿ 12.943ರಿಂದ 12.944ಕ್ಕೆ 9 ಸೆಕೆಂಡುಗಳಲ್ಲಿ ಹೋಗಿದ್ದರೆ, 110ನ್ನು 9ರಿಂದ ಭಾಗಿಸಲು 12.2 ದೊರೆಯುತ್ತದೆ. ಆದುದರಿಂದ ಆ 12 ಸೆಕೆಂಡಿಗೆ ಮೀಟರ್ ಎಂಬುದು ನಿಶ್ಚಯ. ನಾಟ್ ಆಗಿದ್ದರೆ ಅಷ್ಟು ಹೊತ್ತಿನಲ್ಲಿ ಸಾಗುತ್ತಿದ್ದುದು ಸುಮಾರು 56 ಮೀಟರ್, ಗಂಟೆಗೆ ಕಿಲೋಮೀಟರ್ ಆಗಿದ್ದರೆ 30 ಮೀಟರ್ ಮಾತ್ರ. ಬಿಂದುಗಳಲ್ಲಿಯೇ ಕೆಲವು ಮೀಟರ್‌ಗಳ ದೋಷವಿರುವುದರಿಂದ ಒಂದೆರಡು ಸೆಕೆಂಡುಗಳ ಅಂತರವನ್ನು ನೆಚ್ಚದೆ, ನೇರವಾದ ರಸ್ತೆಯ ಉದ್ದನೆಯ ಭಾಗವನ್ನೇ ಆರಿಸಿಕೊಳ್ಳತಕ್ಕದ್ದು.

ಕಾಲದ ವಿಷಯದಲ್ಲಿಯೂ ಎಚ್ಚರ ಬೇಕು. ಜಿ.ಪಿ.ಎಕ್ಸ್. ಕಡತದ ಸಮಯವು ವಿಶ್ವಕಾಲ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ಕಡತದಲ್ಲಿ 02:00 ಎಂದಿದ್ದರೆ ಅದು ನಡುರಾತ್ರಿಯ ಪಯಣವಲ್ಲ, ಬೆಳಗಿನ ಏಳೂವರೆಯ ಶಾಲಾ ಪಯಣ.

ಮೀಟರನ್ನು 3.6ರಿಂದ, ನಾಟನ್ನು 1.852ರಿಂದ ಗುಣಿಸಿದರೆ ಗಂಟೆಯ ಕಿಲೋಮೀಟರ್ ಬರುತ್ತದೆಂಬುದನ್ನು ಬಾಲಕರು ಬೇಗನೆ ಕಲಿತಾರು. ಗುಣಿಸುವ ಮೊದಲು ‘ಹನ್ನೆರಡು ಏನು?’ ಎಂದು ಕೇಳುವ ಅಭ್ಯಾಸವನ್ನು ಅವರಲ್ಲಿ ಬೆಳೆಸುವುದು ಉಪಾಧ್ಯಾಯರ ಹೊಣೆ.